ಹದಿನಾಲ್ಕು ಸಾವಿರ ಕಿಲೋಮೀಟರ್, ಎಷ್ಟು ಗಂಟೆ?

ಅಧ್ಯಾಪಕರೇ, ವಿದ್ಯಾರ್ಥಿ ಮಿತ್ರರೇ,

ಬಳ್ಳಾರಿಯ ಹಲವು ಮನೆಗಳ ಮಕ್ಕಳು ಇಂದು ಕ್ಯಾಲಿಫೋರ್ನಿಯಾದಲ್ಲಿ ದುಡಿಯುತ್ತಿದ್ದಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ ಎಂದು ಕೇಳಿದರೆ ಮೊಬೈಲ್ ತಕ್ಷಣ ಎರಡು ಅಂಕಿಗಳನ್ನು ತೋರಿಸುತ್ತದೆ. ಅವು ಎಲ್ಲಿಂದ ಬಂದವೆಂಬುದನ್ನು ಪಿಯುಸಿ ಗಣಿತ ಬಲ್ಲ ಪ್ರತಿಯೊಬ್ಬರೂ ಕಾಗದದ ಮೇಲೆ ತಾವೇ ಕಂಡುಕೊಳ್ಳಬೇಕೆಂಬುದು ನನ್ನ ಹಂಬಲ.

ಬಳ್ಳಾರಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರ್. ಆದರೂ ಹಂಪಿ ಎಕ್ಸ್‌ಪ್ರೆಸ್ ಗುಂತಕಲ್ಲು ಸುತ್ತಿಕೊಂಡು ರಾತ್ರಿಯಿಡೀ ಓಡಬೇಕು, ಹಳಿ ಇರುವುದೇ ಹಾಗೆ. ವಿಮಾನಕ್ಕೆ ಆ ಕಟ್ಟಿಲ್ಲ. ಹಾಗಿದ್ದರೆ ಅದರ ನೇರ ದಾರಿ ಯಾವುದು? ಪೆಸಿಫಿಕ್ ಸಾಗರ ನಡುವಿರುವ ಗೋಡೆಯ ಭೂಪಟದಲ್ಲಿ ಅಳತೆಪಟ್ಟಿ ಇಟ್ಟರೆ ಗೆರೆ ಆಗ್ನೇಯ ಏಷ್ಯಾ ದಾಟಿ ಆ ಸಾಗರದ ಮೇಲೆ ಹೋಗುತ್ತದೆ. ನಿಮ್ಮ ಪ್ರಯೋಗಾಲಯದ ಭೂಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ಅದು ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಹೊರಟು, ಸೈಬೀರಿಯಾ ದಾಟಿ, 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲೆ ಇಳಿಯುತ್ತದೆ! ಭೂಮಿಯ ಕೇಂದ್ರದಲ್ಲಿ ಈ ಎರಡು ಊರುಗಳ ನಡುವಿನ ಕೋನ ಸುಮಾರು 126 ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರ್. ಗುಣಿಸಿದರೆ ಹತ್ತಿರಹತ್ತಿರ 14,000.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿದರು. ಸುಮಾರು 17 ಗಂಟೆಗಳ ಹಾರಾಟ. ಈ ಸಭೆಯಲ್ಲಿರುವ ಹೆಣ್ಣುಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಗಂಟೆಗೆ 900 ಕಿಲೋಮೀಟರ್ ವೇಗವೆಂದರೆ ಹದಿನೈದೂವರೆ ಗಂಟೆ ಸಾಕಲ್ಲವೇ? ಇಲ್ಲಿ ಗಾಳಿ ಅಡ್ಡ ಬರುತ್ತದೆ. ವಿಮಾನ ಹಾರುವ ಎತ್ತರದಲ್ಲಿ, ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಹರಿಯುತ್ತದೆ. ಅದರ ಜೊತೆ ಹೋಗುವುದೇ ಲಾಭವೆಂದು ಕೆಲವೊಮ್ಮೆ ವಿಮಾನಗಳು ಉದ್ದದ ದಾರಿಯನ್ನೇ ಹಿಡಿಯುತ್ತವೆ.

ಹೋಗುವಾಗ ಉಳಿದದ್ದು ಬರುವಾಗ ಕಳೆದು ಲೆಕ್ಕ ಸಮವಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಆಗುವುದಿಲ್ಲ. ಹಿಂದಿನಿಂದ 100 ಕಿಲೋಮೀಟರ್ ವೇಗದ ಗಾಳಿ ತಳ್ಳಿತೆನ್ನಿ, ವೇಗ 1,000 ಆಯಿತು, 14 ಗಂಟೆ ಸಾಕು. ಅದೇ ಗಾಳಿ ಎದುರಾದರೆ ವೇಗ 800, ಹದಿನೇಳೂವರೆ ಗಂಟೆ ಬೇಕು. ಉಳಿದದ್ದು ಸುಮಾರು 93 ನಿಮಿಷ, ಕಳೆದದ್ದು ಸುಮಾರು 117. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದರಿಂದಲೇ ಈ ನಷ್ಟ. ಎಷ್ಟು ಸರಳ, ಎಷ್ಟು ಸುಂದರವಾದ ಲೆಕ್ಕ ಇದು!

ಇನ್ನು ಟಿಕೆಟ್. ಅದರಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಸಮಯ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದ ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟ ವಿಮಾನ 16 ಗಂಟೆ ಹಾರಿದರೂ ಅಲ್ಲಿ ಅದೇ ಸೋಮವಾರ ಸಂಜೆ ನಾಲ್ಕೂವರೆಗೆ ಇಳಿಯುತ್ತದೆ. ಮರಳುವಾಗ ತಿರುಗುಮುರುಗು. ಮಗಳು ಅಲ್ಲಿಂದ ಭಾನುವಾರ ರಾತ್ರಿ 8ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಮಂಗಳವಾರ ನಸುಕಿನ 3 ಗಂಟೆ. ಕರೆತರಲು ಹೋಗುವ ತಂದೆತಾಯಿ ದೇವನಹಳ್ಳಿಯಲ್ಲಿ ಇರಬೇಕಾದದ್ದು ಆ ಹೊತ್ತಿಗೆ, ಸೋಮವಾರವಲ್ಲ.