ಮರಿಯ ಬಾಯಿ, ನಮ್ಮ ಕೈ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹಲವರ ಮುಂಗೈ ಮೇಲೆ ನಾಯಿಮರಿ ಕಚ್ಚಿದ ಗೀರುಗಳು ಕಾಣುತ್ತಿವೆ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರೋಣ.

ನಾಯಿಮರಿಗೆ ಮೂರು ನಾಲ್ಕು ವಾರಕ್ಕೆ ಹಾಲುಹಲ್ಲು ಮೂಡತೊಡಗುತ್ತವೆ. ಒಟ್ಟು 28, ಒಂದೊಂದೂ ಸೂಜಿಮೊನೆ. ದವಡೆಗೆ ಇನ್ನೂ ಬಲವಿಲ್ಲ, ಆದರೆ ಹಲ್ಲು ಚೂಪು. ಅದಕ್ಕೇ ಮರಿ ಕಚ್ಚಿದರೆ ಚುರುಕ್ ಎನ್ನುತ್ತದೆ, ದೊಡ್ಡ ಗಾಯ ಅಪರೂಪ. ಒಡಹುಟ್ಟಿದ ಮರಿಗಳ ಜೊತೆ ಆಡುವಾಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಎಷ್ಟು ಬಿಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬ ಅಳತೆ ಮರಿಗೆ ಸಿಗುವುದು ಅಲ್ಲಿ. ತಾಯಿಯಿಂದ ಬೇಗ ಬಿಡಿಸಿ ತಂದ ಮರಿಗೆ ಈ ಪಾಠವೇ ಆಗಿರುವುದಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ಕೇಂದ್ರ ನಿಯಮವೂ ಹೇಳುತ್ತದೆ.

ಇವತ್ತು ನಾವು ಒತ್ತಿ ಹೇಳುವುದು ಇಷ್ಟೇ: ಕಚ್ಚುವುದನ್ನು ಒಂದೇ ದಿನಕ್ಕೆ ನಿಲ್ಲಿಸಲು ಹೋಗಬೇಡಿ. ಮೊದಲು ಬಿಗಿ ಕಡಿಮೆಯಾಗಲಿ, ಆಮೇಲೆ ಬಾಯಿ ಹಾಕುವುದೇ ಕಡಿಮೆಯಾಗಲಿ. ಬಾಯಿಯ ಬಿಗಿ ಹಿಡಿತದಲ್ಲಿಟ್ಟುಕೊಳ್ಳಲು ಕಲಿತ ನಾಯಿ, ಮುಂದೆ ಎಂದಾದರೂ ನೋವಿಗೋ ಭಯಕ್ಕೋ ಕಚ್ಚಿದರೂ ಗಾಯ ಆಳಕ್ಕಿಳಿಯುವ ಸಂಭವ ಕಡಿಮೆ.

ಈಗ ಕೈಯ ವಿಷಯ. ಮರಿ ಕಚ್ಚಿದ ತಕ್ಷಣ ನಾವೆಲ್ಲ ಮಾಡುವುದು ಕೈ ಎಳೆದುಕೊಳ್ಳುವುದು. ತಪ್ಪಾಗುವುದೇ ಅಲ್ಲಿ. ಎಳೆದಾಗ ಚರ್ಮ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಜೊತೆಗೆ, ಓಡುವ ವಸ್ತುವನ್ನು ಹಿಡಿಯುವುದು ಮರಿಯ ಸ್ವಭಾವ, ನಮ್ಮ ಕೈ ಈಗ ಅದಕ್ಕೆ ಇಲಿಯಂತೆ ಕಾಣುತ್ತದೆ. ಸೆರಗು, ಪಂಚೆಯ ಅಂಚು, ಓಡುವ ಮಗುವಿನ ಹಿಮ್ಮಡಿಗೆ ಬಾಯಿ ಹಾಕುವುದೂ ಇದೇ ಕಾರಣಕ್ಕೆ. ಕೈ ಸಡಿಲ ಬಿಟ್ಟು ಅಲುಗಾಡದೆ ಇರಿ. ಹಲ್ಲು ಸಡಿಲವಾದ ಮೇಲೆ ಮೆಲ್ಲನೆ ಕೈ ತೆಗೆದು, ‘ಸಾಕು’ ಎಂದು ಒಂದೇ ಸಲ ಸಹಜ ದನಿಯಲ್ಲಿ ಹೇಳಿ, ಎದ್ದು, ಮರಿ ದಾಟದಂತೆ ಬಾಗಿಲಿಗೆ ಇಟ್ಟ ಅಡ್ಡಹಲಗೆ ದಾಟಿ ಆಚೆ ಹೋಗಿ. 20ರಿಂದ 30 ಸೆಕೆಂಡ್ ಸಾಕು. ಅದಕ್ಕಿಂತ ಹೆಚ್ಚಾದರೆ ಯಾಕೆ ಹೋದಿರಿ ಎಂಬುದು ಅದಕ್ಕೆ ಮರೆತುಹೋಗುತ್ತದೆ. ವಾಪಸ್ ಬಂದು ಏನೂ ಆಗದವರಂತೆ ಆಟ ಮುಂದುವರಿಸಿ. ಹೊರಹೋಗಬೇಕಾದವರು ನೀವು, ಮರಿಯಲ್ಲ. ಅದನ್ನೇ ಹಿಡಿದೆತ್ತಿ ಹೊರಗೆ ಹಾಕಿದರೆ ಕೈ ಕಂಡರೆ ಹೆದರುವುದನ್ನು ಕಲಿಯುತ್ತದೆ.

ಶುರುವಿನಲ್ಲಿ ನೋಯುವ ಕಚ್ಚಿಗೆ ಮಾತ್ರ ಹೀಗೆ ಮಾಡಿ. ಎರಡು ಮೂರು ವಾರದಲ್ಲಿ ಬಿಗಿ ಇಳಿದ ಮೇಲೆ ಹಲ್ಲು ತಾಗಿದರೂ ಆಟ ನಿಲ್ಲಲಿ. ಮೊದಲ ಕೆಲವು ದಿನ ಕಚ್ಚುವುದು ಹೆಚ್ಚಾದಂತೆ ಕಾಣಬಹುದು. ಇಷ್ಟು ದಿನ ನಡೆದದ್ದು ಈಗ ಯಾಕೆ ನಡೆಯುತ್ತಿಲ್ಲ ಎಂದು ಮರಿ ಇನ್ನಷ್ಟು ಜೋರು ಮಾಡಿ ನೋಡುತ್ತದೆ. ಬಹಳ ಮನೆಗಳಲ್ಲಿ ಇಲ್ಲೇ ಕೈಬಿಡುತ್ತಾರೆ. ಇಲ್ಲವೇ ಮನೆಯಲ್ಲಿ ಒಬ್ಬರು ‘ಚಿಕ್ಕದಲ್ವಾ, ಕಚ್ಚಲಿ ಬಿಡಿ’ ಎಂದು ಬೆರಳು ಕೊಟ್ಟು ಆಡಿಸುತ್ತಾರೆ. ಆ ಒಬ್ಬರಿಂದ ಉಳಿದವರ ಶ್ರಮವೆಲ್ಲ ನೀರಿನಲ್ಲಿ ಹೋಮ.

ಕಚ್ಚಬೇಡ ಎಂದರೆ ಸಾಲದು, ಏನನ್ನು ಕಚ್ಚಲಿ ಎಂಬುದನ್ನೂ ಕೊಡಬೇಕು. ಹಳೇ ಹತ್ತಿ ಲುಂಗಿಯನ್ನು ಮೂರು ಪಟ್ಟಿ ಹರಿದು ಜಡೆ ಹೆಣೆದು ಎರಡೂ ತುದಿಗೆ ಗಂಟು ಹಾಕಿ. ಎರಡೂವರೆ ಅಡಿ ಉದ್ದವಿರಲಿ, ಗಿಡ್ಡವಾದರೆ ಹಲ್ಲು ಬೆರಳಿಗೇ ಬರುತ್ತದೆ. ನೆಲದ ಮೇಲೆ ಹಾವಿನಂತೆ ಹರಿದಾಡಿಸಿ, ಹಿಡಿದಾಗ ಮೆಲ್ಲಗೆ ಎಳೆದಾಡಿ. ಬಿಡಿಸಲು ಹಗ್ಗವನ್ನು ಮೊಣಕಾಲಿಗೆ ಒತ್ತಿ ಕದಲದಂತೆ ಹಿಡಿದು, ಮೂಗಿನ ಹತ್ತಿರ ಒಂದು ಕಾಳು ಆಹಾರ ತನ್ನಿ. ಬಾಯಿ ತೆರೆಯುವಾಗ ‘ಬಿಡು’ ಎನ್ನಿ, ಕಾಳು ಕೊಡಿ, ತಕ್ಷಣ ಮತ್ತೆ ಆಟ. ಎಳೆಗಳು ಬಿಚ್ಚಿಕೊಂಡ ಹಗ್ಗ ಎಸೆದುಬಿಡಿ, ದಾರ ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ.

ನಾಲ್ಕು ತಿಂಗಳ ಹೊತ್ತಿಗೆ ಹಾಲುಹಲ್ಲು ಬೀಳತೊಡಗಿ, ಏಳು ತಿಂಗಳೊಳಗೆ 42 ಹಲ್ಲು ಬರುತ್ತವೆ. ಈ ನಡುವೆ ಒಸಡು ನವೆಯುತ್ತದೆ. ಒದ್ದೆ ಬಟ್ಟೆಗೆ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಡಿ, ನೀವು ಎದುರಿಗಿರುವಾಗ ಮಾತ್ರ. ಅಗಿಯಲು ಕೊಡುವ ವಸ್ತುವಿಗೆ ಉಗುರು ಒತ್ತಿ ನೋಡಿ, ಗುರುತು ಬೀಳದಿದ್ದರೆ ಹಲ್ಲು ಮುರಿಯುವಷ್ಟು ಗಟ್ಟಿ. ಬೇಯಿಸಿದ ಮೂಳೆ, ತೆಂಗಿನ ಚಿಪ್ಪು ಬೇಡವೇ ಬೇಡ, ಒಡೆದರೆ ಚೂಪಾದ ಚೂರಾಗುತ್ತವೆ.

ಸಂಜೆ ಹೊತ್ತು ಹುಚ್ಚು ಹಿಡಿದಂತೆ ಮನೆಯೆಲ್ಲ ಓಡಿ ಕಚ್ಚುವ ಮರಿಗೆ ಬೇಕಿರುವುದು ಇನ್ನಷ್ಟು ಆಟವಲ್ಲ, ನಿದ್ದೆ. ಈ ವಯಸ್ಸಿಗೆ ದಿನಕ್ಕೆ 18 ಗಂಟೆಯಾದರೂ ನಿದ್ದೆ ಬೇಕು. ಒಂದು ಗಂಟೆ ಎಚ್ಚರವಿದ್ದರೆ ಶೌಚ ಮಾಡಿಸಿ, ಅಗಿಯಲು ಏನಾದರೂ ಕೊಟ್ಟು ಮಬ್ಬು ಬೆಳಕಿನ ಮೂಲೆಯಲ್ಲಿ ಮಲಗಲು ಬಿಡಿ.

ಮೂತಿಗೆ ಹೊಡೆಯುವುದು, ಬಾಯಿ ಅದುಮಿ ಹಿಡಿಯುವುದು, ಅಂಗಾತ ಕೆಡವಿ ಒತ್ತುವುದು ದಯವಿಟ್ಟು ಬೇಡ. ಆಗ ಮರಿ ಸುಮ್ಮನಾಗುವುದು ಭಯಕ್ಕೆ. ಗುರ್ ಎಂದು ಎಚ್ಚರಿಸುವುದನ್ನೇ ಬಿಟ್ಟ ನಾಯಿ ಮುಂದೆ ಸದ್ದಿಲ್ಲದೆ ಕಚ್ಚುತ್ತದೆ. ಆಟದ ಕಚ್ಚಿನಲ್ಲಿ ಮೈ ಸಡಿಲವಾಗಿ ಬಳುಕುತ್ತದೆ. ತಟ್ಟೆಯ ಹತ್ತಿರ ಹೋದಾಗ ಮೈ ಸೆಟೆದು, ಕಣ್ಣು ನೆಟ್ಟು ನಿಂತರೆ ಅದು ಬೇರೆ ವಿಷಯ. ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.

ಚರ್ಮ ಸ್ವಲ್ಪ ತರಚಿ ರಕ್ತ ಬರದಿದ್ದರೂ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ವೈದ್ಯರಿಗೆ ತೋರಿಸಿ. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ‘ಮನೆಯ ಮರಿ ತಾನೆ’ ಎನ್ನಬೇಡಿ. ರೇಬೀಸ್ ಲಸಿಕೆ ಮರಿಗೆ ಸಾಮಾನ್ಯವಾಗಿ ಹಾಕುವುದೇ ಮೂರು ತಿಂಗಳಿಗೆ. ಅದಕ್ಕೂ ಮೊದಲೇ ಮರಿ ನಿಮ್ಮನ್ನು ಸಾಕಷ್ಟು ಸಲ ಕಚ್ಚಿರುತ್ತದೆ.