ಸೆಲ್ಲೋ ನುಡಿಸಿದ ಹುಡುಗಿ

ಕೇಳುಗರಿಗೆ ನಮಸ್ಕಾರ.

ಅನಿತಾ ಲಾಸ್ಕರ್ ಹುಟ್ಟಿದ್ದು 1925ರಲ್ಲಿ, ಬ್ರೆಸ್ಲಾವ್ ನಗರದಲ್ಲಿ. ಆಗ ಅದು ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಯಹೂದಿ ಮನೆತನ. ತಂದೆ ವಕೀಲರು, ತಾಯಿ ಪಿಟೀಲು ವಾದಕಿ. ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯಳಾದ ಅನಿತಾ ಕಲಿತದ್ದು ಸೆಲ್ಲೋ. ಪಿಟೀಲಿನ ಜಾತಿಯದೇ ವಾದ್ಯ, ಆದರೆ ದೊಡ್ಡದು, ನಾದ ಮಂದ್ರ.

1942ರ ಏಪ್ರಿಲ್‌ನಲ್ಲಿ ನಾಜಿಗಳು ತಂದೆತಾಯಿಯನ್ನು ಸಾಗಿಸಿಕೊಂಡು ಹೋದರು. ಅವರು ಮರಳಲಿಲ್ಲ. ದೊಡ್ಡಕ್ಕ ಅಷ್ಟರಲ್ಲಿ ಇಂಗ್ಲೆಂಡ್ ಸೇರಿದ್ದಳು. ಅನಿತಾ ಮತ್ತು ನಡುವಿನ ಅಕ್ಕ ರೆನಾಟೆ ಕಾಗದದ ಕಾರ್ಖಾನೆಯಲ್ಲಿ ದುಡಿಯುತ್ತಲೇ ಫ್ರೆಂಚ್ ಕಾರ್ಮಿಕರಿಗೆ ಗುಟ್ಟಾಗಿ ಸುಳ್ಳು ದಾಖಲೆ ಮಾಡಿಕೊಟ್ಟರು. ತಾವೂ ಅಂಥ ದಾಖಲೆ ಹಿಡಿದು ಪರಾರಿಯಾಗಲು ಹೊರಟಾಗ ರೈಲು ನಿಲ್ದಾಣದಲ್ಲೇ ಸಿಕ್ಕಿಬಿದ್ದರು. ಜೈಲಾಯಿತು. ವಿಚಿತ್ರ ನೋಡಿ, ಆ ಜೈಲೇ ಜೀವ ಕಾಯಿತು. ಪೋಲೆಂಡಿನಲ್ಲಿದ್ದ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ ಯಹೂದಿಗಳೆಂದು ತಂದವರನ್ನು ರೈಲಿನಿಂದ ಇಳಿಸಿದಲ್ಲೇ ವಿಂಗಡಿಸಿ, ಹೆಚ್ಚಿನವರನ್ನು ವಿಷಾನಿಲದ ಕೋಣೆಗೆ ಅಟ್ಟುತ್ತಿದ್ದರು. ಜೈಲಿನಿಂದ ಬಂದ ಕೈದಿಗಳಿಗೆ ಆ ವಿಂಗಡಣೆ ಇರಲಿಲ್ಲ.

1943ರ ಡಿಸೆಂಬರ್‌ನಲ್ಲಿ ಅನಿತಾಳನ್ನು ಜೈಲಿನಿಂದ ಆಶ್ವಿಟ್ಸ್‌ಗೆ ತಂದರು. ಆಕೆಗೆ 18. ಬಟ್ಟೆ ಕಳಚಿಸಿ, ತಲೆ ಬೋಳಿಸಿ, ತೋಳಿಗೆ ಸಂಖ್ಯೆ ಹಚ್ಚೆ ಹಾಕಿದರು. ಆ ಕೆಲಸದಲ್ಲಿದ್ದ ಕೈದಿ ಹುಡುಗಿ, ಹೊರಗೆ ಏನು ಮಾಡಿಕೊಂಡಿದ್ದೆ ಎಂದು ಮಾತಿಗೆ ಕೇಳಿದಳು. ಸೆಲ್ಲೋ ನುಡಿಸುತ್ತಿದ್ದೆ ಎಂದಳು ಅನಿತಾ. ಹಾಗಾದರೆ ನೀನು ಬದುಕಿಕೊಂಡೆ ಎಂದಳಂತೆ ಆಕೆ. ಅನಿತಾಳ ಕಪ್ಪು ಬೂಟುಗಳನ್ನೂ ಅವಳೇ ತೆಗೆದುಕೊಂಡಳು. ಅದಕ್ಕಿದ್ದದ್ದು ಕೆಂಪು ದಾರ. ಆಮೇಲೆ ಬೇರೆ ತಂಡದಲ್ಲಿ ಬಂದ ರೆನಾಟೆ ಆ ಬೂಟು ಗುರುತು ಹಿಡಿದು, ಇದರವಳು ಎಲ್ಲಿ ಎಂದು ಕೇಳಿದಳು. ಅಕ್ಕ ತಂಗಿ ಹಾಗೆ ಸೇರಿದರು.

ಶಿಬಿರದಲ್ಲಿ ಕೈದಿಗಳದೇ ಒಂದು ಮಹಿಳಾ ವಾದ್ಯವೃಂದವಿತ್ತು, ಅನಿತಾ ಅದಕ್ಕೆ ಸೇರಿದಳು. ಆಲ್ಮಾ ರೋಸೆ ಅದರ ಮುಖ್ಯಸ್ಥೆ. ಸಂಗೀತ ರಚನಕಾರ ಗುಸ್ತಾವ್ ಮಾಹ್ಲರರ ತಂಗಿಯ ಮಗಳು, ಆಕೆಯೂ ಕೈದಿಯೇ. ಕೂಲಿಗೆ ಹೋಗುವ ಕೈದಿಗಳು ಬೆಳಿಗ್ಗೆ ಹೊರಡುವಾಗ, ಸಂಜೆ ಮರಳುವಾಗ ಹೆಜ್ಜೆಗೆ ತಾಳವಾಗಿ ಇವರು ನುಡಿಸಬೇಕು. ಒಮ್ಮೆ ಕೈದಿಗಳ ಮೇಲೆ ಕ್ರೂರ ಪ್ರಯೋಗ ಮಾಡುತ್ತಿದ್ದ ನಾಜಿ ವೈದ್ಯ ಮೆಂಗೆಲೆ ಬಂದು ಜರ್ಮನ್ ರಚನಕಾರ ಶೂಮನ್‌ನ ಕೃತಿಯೊಂದನ್ನು ನುಡಿಸಲು ಹೇಳಿದ, ಅನಿತಾ ನುಡಿಸಿದಳು. ಸಂಗೀತ ಆಕೆಯನ್ನು ಉಳಿಸಿತು ಎನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮೇಳದಲ್ಲಿ ಮಂದ್ರದ ವಾದ್ಯದವರು ಇರಲಿಲ್ಲ, ಬೇಕಾಗಿತ್ತು, ಅಷ್ಟೆ. ಅಲ್ಲಿ ಯಾರೂ ಕಲೆಗೆ ಕರಗಿದವರಲ್ಲ.

1944ರ ಕೊನೆಗೆ ಅವರನ್ನು ಜರ್ಮನಿಯ ಇನ್ನೊಂದು ನಾಜಿ ಶಿಬಿರ ಬೆರ್ಗೆನ್-ಬೆಲ್ಸೆನ್‌ಗೆ ಸಾಗಿಸಿದರು. ಅಲ್ಲಿ ವಾದ್ಯವಿಲ್ಲ, ಅನ್ನವಿಲ್ಲ, ಕೊನೆಕೊನೆಗೆ ನೀರೂ ಇಲ್ಲ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೈನ್ಯ ಬಂತು. ಕೆಲವೇ ದಿನಗಳಲ್ಲಿ ಬಿಬಿಸಿಯ ಮೈಕಿನ ಮುಂದೆ ಅನಿತಾ ಜರ್ಮನ್‌ನಲ್ಲಿ ಮಾತಾಡಿದಳು. ಆಶ್ವಿಟ್ಸ್‌ನಿಂದ ಉಳಿದ ಕೆಲವರಿಗೆ ಒಂದೇ ಭಯ, ನಡೆದದ್ದನ್ನು ಜಗತ್ತು ನಂಬಲಾರದು ಎಂದು, ಅಂದಳು.

1946ರಲ್ಲಿ ಅಕ್ಕತಂಗಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಅನಿತಾ ಪಿಯಾನೋ ವಾದಕ ಪೀಟರ್ ವಾಲ್ಫಿಶ್‌ರನ್ನು ಮದುವೆಯಾದರು, ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾದ ಆರಂಭದಿಂದಲೂ ಅದರಲ್ಲಿ ನುಡಿಸಿದರು. ಜರ್ಮನಿಯ ನೆಲ ತುಳಿಯುವುದಿಲ್ಲ ಎಂದು ಆಣೆ ಇಟ್ಟುಕೊಂಡಿದ್ದರು. 1994ರಲ್ಲಿ ಅದೇ ಆರ್ಕೆಸ್ಟ್ರಾದ ಪ್ರವಾಸದೊಂದಿಗೆ ಆ ಆಣೆ ಮುರಿದರು. ಆಮೇಲೆ ಅಲ್ಲಿನ ಶಾಲೆಗಳಿಗೂ ಹೋಗಿ ಮಕ್ಕಳೊಡನೆ ಮಾತಾಡಿದರು. 2018ರ ಜನವರಿಯಲ್ಲಿ, 92ರ ವಯಸ್ಸಿನಲ್ಲಿ, ಜರ್ಮನ್ ಸಂಸತ್ತಿನೆದುರು ನಿಂತು, ಕೊಟ್ಟ ಆಣೆ ಮುರಿದವಳು ನಾನು, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ ಎಂದರು.