ಸೊನ್ನೆ ಓದಿದರೆ ದೋಷವಿಲ್ಲವೆಂದು ಅರ್ಥವೇ? ಗೇಟ್ ಡ್ರೈವರ್‌ನ ಫಾಲ್ಟ್ ರಿಜಿಸ್ಟರ್ ಓದುವಾಗಿನ ತೊಡಕುಗಳು

[ದೃಶ್ಯ: ಕೆಲಸದ ಮೇಜು. ಮೋಟಾರ್ ಡ್ರೈವ್ ಬೋರ್ಡಿನ ಮೇಲೆ ಕೆಂಪು ಎಲ್ಇಡಿ ಉರಿಯುತ್ತಿದೆ. ಪಕ್ಕದ ಲ್ಯಾಪ್‌ಟಾಪ್ ಪರದೆಯ ಮೇಲೆ ಸೊನ್ನೆಗಳ ಸಾಲು.]

ನಮಸ್ಕಾರ. ಈ ಕೆಂಪು ದೀಪವನ್ನು ಗೇಟ್ ಡ್ರೈವರ್‌ನ, ಅಂದರೆ ಮೋಟಾರಿಗೆ ಕರೆಂಟ್ ಹರಿಸುವ ಮಾಸ್ಫೆಟ್ ಎಂಬ ಸ್ವಿಚ್‌ಗಳನ್ನು ಆನ್-ಆಫ್ ಮಾಡುವ ಚಿಪ್ಪಿನ, ಎನ್‌ಫಾಲ್ಟ್ ಪಿನ್ನಿಗೆ ಜೋಡಿಸಲಾಗಿದೆ. ಅದು ಉರಿಯುತ್ತಿದೆ ಎಂದರೆ ಚಿಪ್ ಏನೋ ದೋಷವನ್ನು ಕಂಡಿದೆ ಎಂದರ್ಥ. ಆದರೆ ಯಾವ ದೋಷವೆಂದು ಅದೇ ಚಿಪ್ ಬರೆದಿಡುವ ಫಾಲ್ಟ್ ರಿಜಿಸ್ಟರನ್ನು ಎಸ್‌ಪಿಐ ಎಂಬ ತಂತಿ ಸಂಪರ್ಕದ ಮೂಲಕ ಓದಿದರೆ ಬರುತ್ತಿರುವುದು ಬರೀ ಸೊನ್ನೆ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನೇ ಜೋಡಿಸಿದ ಬೋರ್ಡಿನ ಮುಂದೆ ಕುಳಿತು, ದೀಪವನ್ನು ನಂಬಬೇಕೋ ಸೊನ್ನೆಯನ್ನು ನಂಬಬೇಕೋ ತಿಳಿಯದೆ ನಾನು ಎರಡು ದಿನ ಕಳೆದಿದ್ದೇನೆ. ದೀಪ ನಿಜ ಹೇಳುತ್ತಿತ್ತು.

ಉದಾಹರಣೆಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಆರ್‌ವಿ8323ಎಸ್ ಎಂಬ ಮೂರು ಫೇಸಿನ ಗೇಟ್ ಡ್ರೈವರನ್ನು ತೆಗೆದುಕೊಳ್ಳೋಣ. ಇದರ ಎಸ್‌ಪಿಐ ಪದ 16 ಬಿಟ್‌ಗಳದು: ಮೊದಲ ಬಿಟ್ ಓದುವುದೋ ಬರೆಯುವುದೋ ಎಂಬುದನ್ನು ಹೇಳುತ್ತದೆ, ನಂತರದ 4 ಬಿಟ್‌ಗಳು ರಿಜಿಸ್ಟರ್ ವಿಳಾಸ, ಉಳಿದ 11 ಬಿಟ್‌ಗಳು ಡೇಟಾ. ಓದುವಾಗ ಉತ್ತರ ಅದೇ ಫ್ರೇಮಿನ, ಅಂದರೆ ಅದೇ 16 ಬಿಟ್‌ಗಳ ವಿನಿಮಯದ, ಕೊನೆಯ 11 ಬಿಟ್‌ಗಳಲ್ಲಿ ಬರುತ್ತದೆ. ಮೊದಲ 5 ಬಿಟ್‌ಗಳಿಗೆ ಅರ್ಥವಿಲ್ಲವಾದ್ದರಿಂದ ಅವನ್ನು ಕೋಡಿನಲ್ಲಿ ಮಾಸ್ಕ್ ಮಾಡಿ ಬಿಡಬೇಕು. ಎಲ್ಲ ಚಿಪ್‌ಗಳೂ ಹೀಗೆಯೇ ಅಲ್ಲ. ಕೆಲವು ಗೇಟ್ ಡ್ರೈವರ್‌ಗಳು ಈ ಫ್ರೇಮಿನಲ್ಲಿ ಕೇಳಿದ್ದಕ್ಕೆ ಮುಂದಿನ ಫ್ರೇಮಿನಲ್ಲಿ ಉತ್ತರಿಸುತ್ತವೆ. ಆದ್ದರಿಂದ ಬೇರೆ ಚಿಪ್ಪಿಗಾಗಿ ಬರೆದ ಕೋಡನ್ನು ಹಾಗೆಯೇ ಎತ್ತಿ ತಂದು ಹಾಕುವವರು ಡೇಟಾಶೀಟಿನ ಈ ಒಂದು ಪುಟವನ್ನಾದರೂ ಓದಬೇಕು.

[ದೃಶ್ಯ: ಎಸ್‌ಡಿಒ ಪಿನ್ನಿನ ಬಳಿ ರೆಸಿಸ್ಟರ್ ಇಲ್ಲದೆ ಖಾಲಿ ಬಿದ್ದಿರುವ ಎರಡು ಪ್ಯಾಡ್‌ಗಳು, ಹತ್ತಿರದಿಂದ.]

ಇಲ್ಲಿ ನೋಡಿ. ಈ ಚಿಪ್ಪಿನಿಂದ ಉತ್ತರ ಹೊರಬರುವ ಎಸ್‌ಡಿಒ ಪಿನ್ ಓಪನ್ ಡ್ರೈನ್ ಬಗೆಯದು. ಅದು ತಂತಿಯನ್ನು ಕೆಳಕ್ಕೆ ಎಳೆಯಬಲ್ಲದೇ ಹೊರತು ಮೇಲಕ್ಕೆ ಎತ್ತಲಾರದು. ಎತ್ತುವುದಕ್ಕೆ ಹೊರಗಿನಿಂದ ಪುಲ್-ಅಪ್ ರೆಸಿಸ್ಟರ್ ಬೇಕೇ ಬೇಕು. ನನ್ನ ಬೋರ್ಡಿನಲ್ಲಿ ಆ ರೆಸಿಸ್ಟರನ್ನು ಕೂರಿಸುವುದನ್ನೇ ನಾನು ಮರೆತಿದ್ದೆ. ಮೇಲಾಗಿ ಆ ಉತ್ತರವನ್ನು ಓದುವ ಮೈಕ್ರೊಕಂಟ್ರೋಲರ್‌ನ ಪಿನ್ನಿಗೆ, ತಂತಿಯನ್ನು ಕೆಳಗೇ ಹಿಡಿದಿಡುವ ಒಳಗಿನ ಪುಲ್-ಡೌನ್ ಹಾಕಿದ್ದೆ. ಹಾಗಾಗಿ ಚಿಪ್ ಏನೇ ಹೇಳಿದರೂ ನನಗೆ ಕೇಳುತ್ತಿದ್ದದ್ದು ಸೊನ್ನೆ ಮಾತ್ರ. ಯಾವ ಪುಲ್ಲೂ ಇಲ್ಲದೆ ಪಿನ್ ತೇಲುತ್ತಿದ್ದರೆ ಸ್ಥಿತಿ ಇನ್ನೂ ವಿಚಿತ್ರವಾಗಿರುತ್ತದೆ: ತಂತಿಯ ಬಳಿ ಬೆರಳು ತಂದರೆ ಸಾಕು, ಓದಿದ ಸಂಖ್ಯೆ ಬದಲಾಗುತ್ತದೆ.

ಮೈಕ್ರೊಕಂಟ್ರೋಲರ್‌ನ ಒಳಗಿನ ಪುಲ್-ಅಪ್ ಸಾಲದೇ ಎಂದು ಕೇಳಬಹುದು. ಅದು ಸಾಮಾನ್ಯವಾಗಿ 40 ಕಿಲೊಓಮ್‌ನ ಆಸುಪಾಸಿನದು. ತಂತಿ ಮತ್ತು ಪಿನ್ನುಗಳದೆಲ್ಲ ಸೇರಿ 50 ಪಿಕೊಫ್ಯಾರಡ್ ಕೆಪಾಸಿಟನ್ಸ್ ಎಂದಿಟ್ಟುಕೊಂಡರೆ, ತಂತಿ ಎಷ್ಟು ಬೇಗ ಮೇಲೇರುತ್ತದೆಂದು ಹೇಳುವ ಟೈಮ್ ಕಾನ್‌ಸ್ಟಂಟ್ (ರೆಸಿಸ್ಟರ್ ಗುಣಿಸು ಕೆಪಾಸಿಟನ್ಸ್) 2 ಮೈಕ್ರೊಸೆಕೆಂಡ್ ಆಗುತ್ತದೆ. ಆದರೆ 1 ಮೆಗಾಹರ್ಟ್ಸ್ ಕ್ಲಾಕಿನ ಅರ್ಧ ಅವಧಿ ಬರೀ ಅರ್ಧ ಮೈಕ್ರೊಸೆಕೆಂಡ್. ತಂತಿ ಮೇಲೇರುವಷ್ಟರಲ್ಲಿ ಬಿಟ್ ಹೋಗಿಬಿಟ್ಟಿರುತ್ತದೆ. ಎಸ್‌ಪಿ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ 2.2 ಕಿಲೊಓಮ್ ರೆಸಿಸ್ಟರನ್ನು ಹಾಕಿದರೆ ಅದೇ ಲೆಕ್ಕ 0.11 ಮೈಕ್ರೊಸೆಕೆಂಡಿಗೆ ಇಳಿಯುತ್ತದೆ.

ಇಷ್ಟಾದ ಮೇಲೂ ಫಾಲ್ಟ್ ರಿಜಿಸ್ಟರನ್ನು ಮೊದಲು ಓದಬೇಡಿ. ಅದರ ಸರಿಯಾದ ಬೆಲೆ ಎಷ್ಟೆಂಬುದು ನಮಗೆ ಮೊದಲೇ ತಿಳಿದಿರುವುದಿಲ್ಲವಲ್ಲ. ತಿಳಿಯದ ಸಂಖ್ಯೆಯಿಂದ ದಾರಿಯನ್ನು ಪರೀಕ್ಷಿಸುವುದು ಹೇಗೆ? ಬದಲಿಗೆ 5ನೇ ವಿಳಾಸದ ಓವರ್‌ಕರೆಂಟ್ ರಿಜಿಸ್ಟರನ್ನು ಓದಿ. ಚಿಪ್ ಈಗಷ್ಟೇ ಎಚ್ಚೆತ್ತಿದ್ದರೆ ಅದರಲ್ಲಿ ಹೆಕ್ಸ್ 159, ಅಂದರೆ ಬೈನರಿಯಲ್ಲಿ 00101011001 ಇರಲೇಬೇಕು. ಬರೀ ಸೊನ್ನೆ ಬಂದರೆ ಎಸ್‌ಡಿಒ ತಂತಿ ಮೇಲೇಳುತ್ತಿಲ್ಲ. ಬರೀ ಒಂದುಗಳು ಬಂದರೆ ಪುಲ್-ಅಪ್ ಇದೆ, ಚಿಪ್ ಉತ್ತರಿಸುತ್ತಿಲ್ಲ. ಆಗ ಎನೇಬಲ್ ಪಿನ್ನನ್ನು ನೋಡಿ, ಏಕೆಂದರೆ ಅದು ಕೆಳಗಿದ್ದರೆ ಚಿಪ್ ನಿದ್ರೆಯಲ್ಲಿರುತ್ತದೆ, ಎಸ್‌ಪಿಐ ಕೆಲಸ ಮಾಡುವುದಿಲ್ಲ. ಎನೇಬಲ್ ಮೇಲೆತ್ತಿದ ಮೇಲೂ ಎಚ್ಚರಾಗಲು 1 ಮಿಲಿಸೆಕೆಂಡ್ ಬಿಡಬೇಕು. ನಾನು 5 ಬಿಡುತ್ತೇನೆ.

[ದೃಶ್ಯ: ಲಾಜಿಕ್ ಅನಲೈಜರ್ ಪರದೆ. 00101011001 ಮತ್ತು 00010101100 ಒಂದರ ಕೆಳಗೊಂದು.]

ಕೆಳಗಿನ ಸಾಲಿನಂತೆ, ಅವೇ ಬಿಟ್‌ಗಳು ಒಂದು ಮನೆ ಬಲಕ್ಕೆ ಸರಿದು ಬಂದರೆ ಕ್ಲಾಕ್ ಫೇಸ್ ತಪ್ಪಿದೆ ಎಂದು ಅನುಮಾನಿಸಬಹುದು. ಈ ಚಿಪ್ ಕ್ಲಾಕಿನ ಏರುವ ಅಂಚಿನಲ್ಲಿ ಬಿಟ್ ಬದಲಿಸುತ್ತದೆ, ಅದನ್ನು ಇಳಿಯುವ ಅಂಚಿನಲ್ಲಿ ಓದಬೇಕು. ಅಂದರೆ ಮೈಕ್ರೊಕಂಟ್ರೋಲರ್‌ನ ಎಸ್‌ಪಿಐ ಸೆಟ್ಟಿಂಗಿನಲ್ಲಿ ಕ್ಲಾಕ್ ಪೊಲಾರಿಟಿ 0, ಫೇಸ್ 1. ಹೆಚ್ಚಿನ ಲೈಬ್ರರಿಗಳು ಎರಡನ್ನೂ 0 ಎಂದೇ ಇಟ್ಟುಕೊಂಡು ಆರಂಭಿಸುತ್ತವೆ.

ಮಾತು ಈ ಚಿಪ್ಪಿನೊಂದಿಗೇ ಎಂದು ಸೂಚಿಸುವ ಚಿಪ್ ಸೆಲೆಕ್ಟ್ ತಂತಿಯದು ಇನ್ನೊಂದು ಕಥೆ. 16 ಕ್ಲಾಕ್‌ಗಳು ಮುಗಿಯುವವರೆಗೆ ಅದು ಕೆಳಗೇ ಇರಬೇಕು, ಎರಡು ಫ್ರೇಮ್‌ಗಳ ನಡುವೆ ಕನಿಷ್ಠ 400 ನ್ಯಾನೊಸೆಕೆಂಡ್ ಮೇಲಿರಬೇಕು. ಎಸ್‌ಟಿಎಂ32 ಮೈಕ್ರೊಕಂಟ್ರೋಲರ್ ಬಳಸುವವರು ಟ್ರಾನ್ಸ್‌ಮಿಟ್ ಬಫರ್ ಖಾಲಿಯಾಯಿತು ಎಂಬ ಫ್ಲ್ಯಾಗ್ ನೋಡಿದೊಡನೆ ಚಿಪ್ ಸೆಲೆಕ್ಟನ್ನು ಮೇಲೆತ್ತುವುದುಂಟು. ಆ ಹೊತ್ತಿಗೆ ಕೊನೆಯ ಬೈಟ್ ಇನ್ನೂ ಶಿಫ್ಟ್ ರಿಜಿಸ್ಟರಿನಿಂದ ಹೊರಬರುತ್ತಿರುತ್ತದೆ. ಕಾಯಬೇಕಾದದ್ದು, ಕಳಿಸುವುದು ಇನ್ನೂ ನಡೆದಿದೆ ಎನ್ನುವ ಬಿಜಿ ಫ್ಲ್ಯಾಗ್ ಇಳಿಯುವುದಕ್ಕೆ. ಮೋಟಾರ್ ನಿಂತಾಗ ಸರಿಯಾಗಿಯೇ ಬರುವ ಸಂಖ್ಯೆ ತಿರುಗುವಾಗ ಕೆಡುತ್ತಿದ್ದರೆ ಕೋಡನ್ನು ಬಿಟ್ಟು ತಂತಿಗಳತ್ತ ನೋಡಿ: ಜಂಪರ್‌ಗಳನ್ನು ಗಿಡ್ಡ ಮಾಡಿ, ಕ್ಲಾಕ್ ಪಕ್ಕದಲ್ಲೇ ಗ್ರೌಂಡ್ ತಂತಿಯೊಂದನ್ನು ಎಳೆಯಿರಿ.

159 ಸರಿಯಾಗಿ ಬಂದಿತೆನ್ನಿ. ಆದರೂ ಫಾಲ್ಟ್ ರಿಜಿಸ್ಟರ್ ಒಮ್ಮೆ ದೋಷ ತೋರಿಸಿ ಒಮ್ಮೆ ಸೊನ್ನೆ ತೋರಿಸಬಹುದು. ಆರಂಭದ ಸೆಟ್ಟಿಂಗಿನಲ್ಲಿ ಓವರ್‌ಕರೆಂಟ್ ಆದಾಗ ಚಿಪ್ 4 ಮಿಲಿಸೆಕೆಂಡ್ ಕಾದು ತಾನೇ ಮತ್ತೆ ಪ್ರಯತ್ನಿಸುತ್ತದೆ, ಆ ಅವಧಿ ಮುಗಿದೊಡನೆ ಬಿಟ್‌ಗಳನ್ನೂ ಅಳಿಸಿಬಿಡುತ್ತದೆ. ದೋಷ ಹುಡುಕುವಾಗ ಈ ಉಪಕಾರ ನಮಗೆ ಬೇಡ. 5ನೇ ರಿಜಿಸ್ಟರಿಗೆ ಹೆಕ್ಸ್ 119 ಬರೆದರೆ ದೋಷ ಲ್ಯಾಚ್ ಆಗಿ, ನಾವು ಅಳಿಸುವವರೆಗೆ ನಿಲ್ಲುತ್ತದೆ. ಅಳಿಸುವ ಮೊದಲು ಫಾಲ್ಟ್ ರಿಜಿಸ್ಟರ್‌ಗಳಿರುವ 0 ಮತ್ತು 1ನೇ ವಿಳಾಸಗಳೆರಡನ್ನೂ ಓದಿ ಬರೆದಿಟ್ಟುಕೊಳ್ಳಿ.

[ದೃಶ್ಯ: ರೆಸಿಸ್ಟರ್ ಕೂರಿಸಿದ ಬೋರ್ಡ್. ಪರದೆಯ ಮೇಲೆ ಹೆಕ್ಸ್ 620.]

ರೆಸಿಸ್ಟರ್ ಹಾಕಿದ ಮೇಲೆ ನನ್ನ ಬೋರ್ಡ್ ಹೇಳಿದ್ದು ಹೆಕ್ಸ್ 620. ಅದರಲ್ಲಿ ಮೂರು ಬಿಟ್‌ಗಳು ಎದ್ದಿವೆ: 10ನೆಯದು ಒಟ್ಟಾರೆ ದೋಷ, 9ನೆಯದು ಮಾಸ್ಫೆಟ್ ಓವರ್‌ಕರೆಂಟ್, 5ನೆಯದು ಎ ಫೇಸಿನ ಮೇಲಿನ ಮಾಸ್ಫೆಟ್. ಅಂದರೆ ಆ ಮಾಸ್ಫೆಟ್ ಆನ್ ಆದಾಗ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ 0.75 ವೋಲ್ಟ್ ಮಿತಿಯನ್ನು ದಾಟುತ್ತಿತ್ತು. ಸಪ್ಲೈ ತೆಗೆದು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಎ ಫೇಸಿಗೂ ಇನ್ನೊಂದನ್ನು ಗ್ರೌಂಡಿಗೂ ಇಟ್ಟೆ. ಬಜರ್ ಕೂಗಿತು. ಕೆಳಗಿನ ಮಾಸ್ಫೆಟ್ ಸುಟ್ಟು ಶಾರ್ಟ್ ಆಗಿತ್ತು, ಹಾಗಾಗಿ ಮೇಲಿನದು ಆನ್ ಆದೊಡನೆ ಕರೆಂಟ್ ಅದರ ಮೂಲಕ ನೇರ ಗ್ರೌಂಡಿಗೆ ಹರಿಯುತ್ತಿತ್ತು.